ನಾಲ್ಕು ಕಂಬದ ಜಗಲಿ

ನಾನು ಮದುವೆಯಾಗಿ ಬಂದ ಮನೆಯನ್ನು ಶಿವಮೊಗ್ಗದಲ್ಲಿ ಯಾರೂ ಮಾವನವರ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಕಲ್ಲುಮನೆ ಎಂದರೆ ಸಾಕು, ಸ್ಟೇಷನ್ನಿನ ಜಟಕಾದವನು ಮತ್ತೊಂದು ಮಾತು ಕೇಳದೆ ತಂದು ಬಾಗಿಲಿಗೆ ಇಳಿಸುತ್ತಿದ್ದ.

ಗಾಜನೂರಿನ ಹತ್ತಿರದ ನನ್ನ ತವರಿನದು ಮಣ್ಣುಗೋಡೆ. ಮಳೆಗಾಲ ಮುಗಿದ ಮೇಲೆ ಗೋಡೆಗೆ ಮಣ್ಣು ಮೆತ್ತುವುದು, ಸಾರಿಸುವುದು, ಇಲಿ ತೋಡಿದ ಬಿಲಕ್ಕೆ ಗಾಜಿನ ಚೂರು ತುರುಕುವುದು ಎಲ್ಲ ನಾವು ಹೆಣ್ಣುಮಕ್ಕಳ ಪಾಲಿನ ಕೆಲಸ. ಅಂಥ ಮನೆಯಿಂದ ಬಂದವಳು ಮೊದಲ ದಿನ ಸೀರೆ ತೂಗುಹಾಕಲು ಗೋಡೆಯ ಮೇಲೆ ಗೂಟ ಹುಡುಕಿದೆ. ಅತ್ತೆ ನಕ್ಕುಬಿಟ್ಟರು.

"ಕಲ್ಲಿಗೆ ಗೂಟ ಹೊಡೀತಾರೇನೇ? ಗೂಡಿದೆಯಲ್ಲ, ಮಡಚಿ ಇಡು."

ಆ ಗೂಡೊಳಗೆ ಮೊಳಕೈವರೆಗೂ ಕೈ ಹೋಯಿತು. ಗೋಡೆ ಅಷ್ಟು ದಪ್ಪ. ಬೇಸಿಗೆಯ ಮಧ್ಯಾಹ್ನ ಅದಕ್ಕೆ ಕೆನ್ನೆ ಇಟ್ಟರೆ ಮಡಕೆಯ ನೀರಿನ ತಂಪು. ನನ್ನ ತವರಿನಲ್ಲಿ ಯಾರಿಗೂ ಇಲ್ಲದ್ದು ನನಗೆ ಸಿಕ್ಕಿತು ಎಂದು ಅವತ್ತು ಮನಸ್ಸಿನಲ್ಲೇ ಬೀಗಿದೆ.

ಬೀದಿಯಿಂದ ಮೆಟ್ಟಿಲು ಹತ್ತಿದರೆ ಜಗಲಿ. ಜಗಲಿಯ ಅಂಚಿಗೆ ಕಗ್ಗಲ್ಲಿನ ನಾಲ್ಕು ಕಂಬ. ಬುಡದಲ್ಲಿ ಚೌಕ, ನಡುವೆ ಎಂಟು ಪಟ್ಟಿ, ಮೇಲಕ್ಕೆ ಹೋದಂತೆ ದುಂಡಗೆ. ತುದಿಯಲ್ಲಿ ತೊಲೆಯನ್ನು ಹೊರುವ ಬೋದಿಗೆ; ಬೋದಿಗೆಯ ಎರಡೂ ಕಡೆಯಿಂದ ಕಲ್ಲಿನಲ್ಲೇ ಕೆತ್ತಿದ ಬಾಳೆಹೂವಿನ ಮೊಗ್ಗು ತಲೆಕೆಳಗಾಗಿ ಇಳಿಬಿದ್ದಿತ್ತು. ಜಗಲಿಯ ಮೇಲಕ್ಕೆ ಹೆಂಚಿಲ್ಲ, ಕಲ್ಲಿನ ಚಪ್ಪಡಿಯನ್ನೇ ಗೋಡೆಯಿಂದ ಕಂಬದ ತೊಲೆಯವರೆಗೆ ಒಂದರ ಪಕ್ಕ ಒಂದು ಹಾಸಿ ಸಂದಿಗೆ ಗಾರೆ ತುಂಬಿದ್ದರು. ಬೀದಿಗೆ ಕಾಣುವ ಗೋಡೆಯ ಕಲ್ಲನ್ನು ಉಳಿಯಿಂದ ನಯ ಮಾಡಿದ್ದರು. ಹಿತ್ತಲ ಕಡೆಯದು ಒರಟು ಕಲ್ಲು. ಬೆನ್ನು ತಾಗಿದರೆ ರವಿಕೆ ಹರಿಯುತ್ತಿತ್ತು.

ಹೊಸ್ತಿಲು ದಾಟಿದರೆ ಪಡಸಾಲೆ, ಅದರ ಎರಡು ಪಕ್ಕಕ್ಕೂ ಕೋಣೆ. ಒಂದರಲ್ಲಿ ನಮ್ಮ ಅಡಿಕೆ ವ್ಯಾಪಾರದ ಚೀಲಗಳು. ಪಡಸಾಲೆಯಿಂದ ಒಳಕ್ಕೆ ತೊಟ್ಟಿ, ಎಂದರೆ ನಾಲ್ಕು ಕಡೆಯ ಮಾಡೂ ಒಳಮುಖವಾಗಿ ಇಳಿದು ನಡುವೆ ಆಕಾಶ ಬಿಟ್ಟ ಅಂಗಳ. ಪಡಸಾಲೆಗೂ ತೊಟ್ಟಿಗೂ ನಡುವೆ ಗೋಡೆಯಿರಲಿಲ್ಲ, ಮರದ ಕಂಬಗಳ ಒಂದು ಸಾಲು ಮಾತ್ರ. ತೊಟ್ಟಿಯಾಚೆ ಅಡುಗೆಮನೆ, ಬಚ್ಚಲು, ಹಿತ್ತಲು, ಬಾವಿ. ಎಡಬಲಕ್ಕೆ ಬೇರೆಯವರ ಮನೆಗಳು ಒತ್ತಿಕೊಂಡಿದ್ದರಿಂದ ಆ ಗೋಡೆಗಳಿಗೆ ಕಿಟಕಿಯೇ ಇಲ್ಲ. ಮುಂದಿನ ಬಾಗಿಲಿಗೆ ಜಗಲಿಯ ಚಪ್ಪಡಿಯ ನೆರಳು, ಮನೆಗೆಲ್ಲ ಬೆಳಕು ತೊಟ್ಟಿಯಿಂದಲೇ ಬರಬೇಕು.

ಈ ಮನೆಯಲ್ಲಿ ನನ್ನ ಕೆಲಸ ಕಂಬ ತೊಳೆಯುವುದರಿಂದ ಶುರುವಾಗುತ್ತಿತ್ತು. ಅಡಿಕೆ ವ್ಯಾಪಾರಕ್ಕೆ ಬಂದವರು ಜಗಲಿಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುವರು. ಬೆರಳಲ್ಲಿ ಉಳಿದ ಸುಣ್ಣವನ್ನು ಕಂಬಕ್ಕೆ ಒರಸುವರು. ಯಾರೂ ಬೇಕೆಂದು ಮಾಡುತ್ತಿದ್ದುದಲ್ಲ, ಕೈ ತಾನಾಗಿ ಹೋಗುತ್ತಿತ್ತು. ಬೆಳಗ್ಗೆ ಎದ್ದು ನೋಡಿದರೆ ಕಂಬದ ಪಟ್ಟಿಗಳ ತುಂಬ ಬಿಳಿ ಗೀರು. ನಾನು ತೆಂಗಿನ ನಾರು ಹಿಡಿದು, ಹುಣಸೆಹಣ್ಣು ತಿಕ್ಕಿ ತೆಗೆಯುತ್ತಿದ್ದೆ. ಗಂಡಸರು ಏಳುವಷ್ಟರಲ್ಲಿ ಕಂಬ ಕಪ್ಪಗೆ ಹೊಳೆಯಬೇಕು. ಹೊಳೆಯುತ್ತಿತ್ತು ಕೂಡ. ಯಾವ ಕಂಬದ ಯಾವ ಪಟ್ಟಿಯಲ್ಲಿ ಉಳಿ ಜಾರಿದೆ, ಯಾವ ಮೊಗ್ಗಿನ ತುದಿ ಮುಕ್ಕಾಗಿದೆ ಎಂಬುದು ನನ್ನ ಬೆರಳಿಗೆ ಗೊತ್ತಿತ್ತು.

ನನ್ನ ಓರಗಿತ್ತಿ ಬಂದದ್ದು ಭದ್ರಾವತಿಯ ಓಲ್ಡ್ ಟೌನಿನಿಂದ. ಅವಳ ತಂದೆ ಕಬ್ಬಿಣದ ಕಾರ್ಖಾನೆಗೆ ಸೌದೆ ಸಾಗಿಸುವ ಕಂತ್ರಾಟು ಹಿಡಿದಿದ್ದರು. ಮೈದುನನಿಗೂ ಕಾರ್ಖಾನೆಯ ಆಫೀಸಿನಲ್ಲಿ ಕೆಲಸವಾಯಿತು, ನ್ಯೂ ಟೌನಿನಲ್ಲಿ ಕ್ವಾರ್ಟರ್ಸು ಸಿಕ್ಕಿತು, ಮದುವೆಯಾದ ಕೆಲವೇ ತಿಂಗಳಲ್ಲಿ ಇಬ್ಬರೂ ಅಲ್ಲಿಗೆ ಹೊರಟರು. ಅವಳು ಈ ಮನೆಯ ಕಂಬವನ್ನು ಒಂದು ದಿನವೂ ತೊಳೆದವಳಲ್ಲ.

ಒಮ್ಮೆ ಅತ್ತೆಯನ್ನು ಕರೆದುಕೊಂಡು ನಾನು ಆ ಕ್ವಾರ್ಟರ್ಸಿಗೆ ಹೋದೆ. ರೈಲಿನಲ್ಲಿ ಬುತ್ತಿ ಬಿಚ್ಚುವಷ್ಟರಲ್ಲಿ ಮುಗಿಯುವ ದಾರಿ. ಒಂದೇ ಅಚ್ಚಿನಲ್ಲಿ ಹುಯ್ದಂಥ ಮನೆಗಳ ಸಾಲು. ಮುಂದೆ ನಂಬರು ಬರೆಯದಿದ್ದರೆ ಗಂಡಂದಿರೇ ದಾರಿ ತಪ್ಪಿ ಬೇರೆ ಮನೆಗೆ ಹೋದಾರು. ಇಟ್ಟಿಗೆಯ ಗೋಡೆ, ತೆಳ್ಳಗೆ. ಪಕ್ಕದ ಮನೆಯವರು ತಮಿಳಿನಲ್ಲಿ ಮಗುವನ್ನು ಗದರಿಸುವುದು ಇಲ್ಲಿಗೆ ಕೇಳುತ್ತಿತ್ತು. ಇದೇನು ಮಹಾ ಎಂದುಕೊಂಡು ಒಳಗೆ ಹೋದೆ. ಅಡುಗೆಮನೆಯಲ್ಲಿ ಅವಳು ನಲ್ಲಿ ತಿರುಗಿಸಿದಳು. ನೀರು ಬಂತು.

"ಕೊಡ ಎತ್ತೋದೇ ಮರ್ತೋಗಿದೆ ಅಕ್ಕ ನಂಗೆ" ಎಂದಳು.

ನಾನು ಎರಡು ಲೋಟ ಕುಡಿದು, "ಬಾವಿ ನೀರಿನ ರುಚಿ ಇಲ್ಲ ಮಾರಾಯ್ತಿ" ಎಂದೆ.

"ಎರಡನೇ ಲೋಟಾನೂ ಖಾಲಿ ಆಯ್ತಲ್ಲ!" ಎಂದು ಅವಳು ನಕ್ಕಳು. ಅತ್ತೆಯೂ ನಕ್ಕರು. ಅತ್ತೆ ನಕ್ಕದ್ದು ನನಗೆ ಹೆಚ್ಚು ಉರಿಯಿತು.

ಸಂಜೆ ಕಾರ್ಖಾನೆಯ ಕೂಗು ಕೇಳಿದ ಮೇಲೆ ಅವಳು ಗೋಡೆಯ ಗುಂಡಿ ಒತ್ತಿದಳು, ದೀಪ ಹತ್ತಿತು. ನಮ್ಮ ಮನೆಯಲ್ಲಿ ಆ ಹೊತ್ತಿಗೆ ನಾನು ಲಾಟೀನಿನ ಗಾಜು ಒರೆಸಿ ಕೈ ಮಸಿ ಮಾಡಿಕೊಳ್ಳುತ್ತಿರುತ್ತಿದ್ದೆ. ವಾಪಸು ಬರುವಾಗ ರೈಲಿನಲ್ಲಿ ಅತ್ತೆ, "ಚಿಕ್ಕವಳಿಗೆ ಸುಖ ಬಂತು ನೋಡೇ" ಎಂದರು. ನಾನು ಕಿಟಕಿಯ ಕಡೆ ತಿರುಗಿ, ನಮಗೆ ಕಲ್ಲಿನ ಕಂಬ ಇದೆಯಲ್ಲ ಎಂದು ಹೇಳಿಕೊಂಡೆ. ನಲ್ಲಿ ಅವಳಿಗೆ, ಕಂಬ ನನಗೆ. ಆ ಲೆಕ್ಕದಲ್ಲಿ ಎಷ್ಟೋ ವರ್ಷ ಸಮಾಧಾನವಾಗಿದ್ದೆ.

ಆ ಸಮಾಧಾನವನ್ನೂ ಅವಳು ಕೆಡಿಸಿದಳು. ಒಂದು ಸಂಕ್ರಾಂತಿಯ ಮರುದಿನ ಕ್ವಾರ್ಟರ್ಸಿನ ಗೆಳತಿಯೊಬ್ಬರನ್ನು ಕರೆದುಕೊಂಡು ಬಂದಳು. ಅವರು ಎಂಜಿನಿಯರೊಬ್ಬರ ಹೆಂಡತಿ, ತಮಿಳು ಮಾತಿನವರು, ಕನ್ನಡವನ್ನು ಎಚ್ಚರಿಕೆಯಿಂದ ಆಡುತ್ತಿದ್ದರು. ಗಂಡಸರೆಲ್ಲ ಅಡಿಕೆ ಮಂಡಿಗೆ ಹೋಗಿದ್ದರಿಂದ ಜಗಲಿ ಖಾಲಿಯಿತ್ತು. ಓರಗಿತ್ತಿ ಮೊದಲ ಕಂಬಕ್ಕೆ ಬೆನ್ನು ಕೊಟ್ಟು, ಕಾಲು ನೀಡಿ ಕೂತಳು. ನಾನು ಬಾಗಿಲ ಹಿಂದೆ ಕಾಫಿ ಸೋಸುತ್ತಿದ್ದೆ.

"ನಮ್ಮನೆ ಇದು. ನಮ್ಮ ಮಾವನವರ ಅಜ್ಜ ಕಟ್ಟಿಸಿದ್ದು. ಈ ಚಪ್ಪಡಿ ನೋಡಿ, ಒಂದು ಕಬ್ಬಿಣದ ಚೂರೂ ಇಲ್ದೆ ನಿಂತಿದೆ" ಎಂದು ಅವಳು ಹೇಳುತ್ತಿದ್ದಳು. ಮಾತು ಮಾತಿಗೂ ನಮ್ಮನೆ, ನಮ್ಮ ಕಂಬ.

"ಇಷ್ಟು ದೊಡ್ಡ ಮನೆ, ಯಾರು ನೋಡಿಕೊಳ್ಳುವುದು?" ಎಂದು ಆಕೆ ಕೇಳಿದರು.

"ಅಕ್ಕ ಇದಾರಲ್ಲ!" ಎಂದಳು. ಆಮೇಲೆ ಒಳಕ್ಕೆ ಕತ್ತು ಚಾಚಿ, "ಅಕ್ಕಾ, ಕಾಫಿ ಆಯ್ತಾ?"

ಕಾಫಿ ಆಗಿತ್ತು. ಅವಳ ಲೋಟಕ್ಕೆ ಮಾತ್ರ ಸಕ್ಕರೆ ಹಾಕಲು ಮರೆತೆ. ಅವಳು ಅದನ್ನು ಹಾಗೆಯೇ ಕುಡಿದು, "ಅಕ್ಕನ ಕೈ ಕಾಫೀನೇ ಬೇರೆ" ಎಂದಳು. ಸಿಟ್ಟು ತೋರಿಸುವ ಅವಕಾಶವನ್ನೂ ಅವಳು ನನಗೆ ಕೊಡುತ್ತಿರಲಿಲ್ಲ.

ಯುದ್ಧದ ವರ್ಷಗಳಲ್ಲಿ ಅತ್ತೆ ತೀರಿಕೊಂಡರು. ಮಾವನವರು ಅದಕ್ಕೂ ಮುಂಚೆ ಹೋಗಿದ್ದರು. ಮೈದುನನ ಮಕ್ಕಳು ಹೈಸ್ಕೂಲಿಗೆ ಬಂದಿದ್ದರು. ಅವರನ್ನು ಶಿವಮೊಗ್ಗದಲ್ಲೇ ಓದಿಸಬೇಕು, ಹೆಂಡತಿ ಮಕ್ಕಳು ಇಲ್ಲಿರಲಿ, ತಾನು ರೈಲಿನಲ್ಲಿ ಓಡಾಡುತ್ತೇನೆ, ಮನೆಯಲ್ಲಿ ತನ್ನ ಪಾಲು ಬೇರೆ ಮಾಡಿಕೊಡಿ ಎಂದು ಅವನು ಕೇಳಿದ. ಅವನ ಮಾತಿನಲ್ಲಿ ತಪ್ಪೇನಿರಲಿಲ್ಲ. ನನ್ನವರು ಆಗಲಿ ಎಂದರು.

ನಮ್ಮಲ್ಲಿ ಪಾಲಿಗೆ ಒಂದು ಕ್ರಮವಿದೆ. ಹಿರಿಯ ಭಾಗ ಮಾಡಬೇಕು, ಕಿರಿಯ ಆರಿಸಿಕೊಳ್ಳಬೇಕು. ಭಾಗ ಮಾಡುವವನಿಗೆ ಯಾವುದು ಸಿಗುತ್ತದೆಂದು ಗೊತ್ತಿರದಿದ್ದರೆ ಅವನು ಮೋಸ ಮಾಡುವುದಿಲ್ಲವೆಂದು. ಕೇಳಲು ನ್ಯಾಯವಾಗಿದೆ. ಆದರೆ ಹಬ್ಬಕ್ಕೆ ಬಂದು ಹೋಗುವವಳ ಗಂಡ ಮೊದಲು ಆರಿಸಿಕೊಂಡು, ಉಳಿದದ್ದು ಕಂಬ ತೊಳೆದವಳಿಗೆ ಎಂದರೆ ಅದನ್ನು ನುಂಗುವುದು ಹೇಗೆ? ಅವಳು ಮೊದಲ ಕಂಬಕ್ಕೆ ಬೆನ್ನು ಕೊಟ್ಟು ಕೂತದ್ದು ಕಣ್ಣಮುಂದೆ ಬಂದು ನನಗೆ ಊಟ ಸೇರದಾಯಿತು.

ಪಾಲಿಗೆ ಕೂರಿಸಿದ್ದ ಎದುರುಮನೆಯ ಹಿರಿಯರು ಸುಲಭದ ದಾರಿ ಹೇಳಿದರು.

"ಉದ್ದಕ್ಕೆ ಭಾಗ ಮಾಡ್ರಯ್ಯ. ಎರಡು ಕಂಬ ಅವನಿಗೆ, ಎರಡು ಕಂಬ ನಿನಗೆ. ಪಡಸಾಲೆ, ತೊಟ್ಟಿ, ಹಿತ್ತಲು ಎಲ್ಲ ಅರ್ಧರ್ಧ. ಬಾವಿಗೆ ಎರಡು ರಾಟೆ ಹಾಕಿದ್ರಾಯ್ತು."

ನನ್ನವರು ಒಪ್ಪುವವರಿದ್ದರು. ಮಾರನೆ ಬೆಳಗ್ಗೆ ರೊಟ್ಟಿ ಬಡಿಸುತ್ತ ನಾನು ಬೇಡವೆಂದೆ.

"ಕಂಬ ಎರಡೆರಡು ಮಾಡಿದ್ರೆ ಮನೆ ಮುಖ ಸೀಳಿದ ಹಾಗೆ. ಅಡ್ಡಕ್ಕೆ ಮಾಡಿ. ಮುಂದಿನದು ಒಂದು, ಹಿಂದಿನದು ಒಂದು."

"ಅವನು ಮುಂದಿನದೇ ಆರಿಸ್ಕೊಂಡ್ರೆ?"

"ಆರಿಸ್ಕೊಳ್ಳದ ಹಾಗೆ ಮಾಡೋಣ. ಹಿಂದಿನದಕ್ಕೆ ಅಡುಗೆಮನೆ, ಬಚ್ಚಲು, ಬಾವಿ, ಹಿತ್ತಲು ಎಲ್ಲ ಸೇರಿಸಿ. ತೊಟ್ಟಿ ಪೂರ್ತಿ ಅದಕ್ಕೇ ಇರಲಿ. ಕ್ವಾರ್ಟರ್ಸಲ್ಲಿ ಅನುಕೂಲ ಕಂಡವಳು, ಅನುಕೂಲ ಬಿಟ್ಟು ಕಲ್ಲು ಆರಿಸ್ತಾಳಾ?"

ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. "ಮತ್ತೆ ನಮಗೇನೇ ಉಳೀತು?"

"ಮನೆ" ಎಂದೆ.

ಬಾವಿ ನೀರನ್ನು ಎರಡೂ ಪಾಲಿನವರು ಬಳಸಬಹುದು ಎಂದು ಮಾತ್ರ ಅವರು ಸೇರಿಸಿದರು. ಅಷ್ಟಾದರೂ ಬುದ್ಧಿ ಅವರಿಗಿತ್ತು.

ಆರಿಸುವ ದಿನ ಓರಗಿತ್ತಿ ಬೆಳಗ್ಗೆಯೇ ಬಂದು ನನ್ನ ಜೊತೆ ತೊಟ್ಟಿಯಲ್ಲಿ ಕೂತು ವೀಳ್ಯದೆಲೆ ಒರೆಸುತ್ತಿದ್ದಳು.

"ಅಕ್ಕ, ನಿಮಗೆ ಯಾವ್ದು ಇಷ್ಟ?" ಎಂದು ಕೇಳಿದಳು.

"ನಮಗೇನಮ್ಮ, ಯಾವ್ದಾದ್ರೂ ಸರಿ."

ಅವಳು ನನ್ನ ಮುಖವನ್ನೇ ನೋಡಿ ಮತ್ತೆ ಎಲೆ ಒರೆಸತೊಡಗಿದಳು. ಪಡಸಾಲೆಯಲ್ಲಿ ಹಿರಿಯರು ಎರಡು ಭಾಗಗಳನ್ನೂ ಓದುವ ಹಾಗೆ ನಿಧಾನವಾಗಿ ಹೇಳಿದರು. ಮುಂದಿನ ಭಾಗ ಬೇಗ ಮುಗಿಯಿತು. ಹಿಂದಿನದು ಹೇಳುತ್ತಲೇ ಇದ್ದರು. ಮೈದುನ ಒಮ್ಮೆ ತೊಟ್ಟಿಯ ಕಡೆ ಕಣ್ಣು ಹಾಯಿಸಿ ಹೆಂಡತಿಯನ್ನು ನೋಡಿದ. ಅವಳು ಸೆರಗು ಸರಿಮಾಡಿಕೊಂಡಳು, ಅಷ್ಟೆ.

"ಹಿಂದಿನದು ನಮಗಿರಲಿ" ಎಂದ.

ನನ್ನ ಎದೆಯ ಮೇಲಿನ ಭಾರ ಇಳಿಯಿತು. ಇಳಿದ ಮರುಗಳಿಗೆಯೇ ಬೇರೊಂದು ಏರಿ ಕೂತಿತು. ಇಷ್ಟು ಬೇಗ ಯಾಕೆ ಹೇಳಿದ? ಯೋಚಿಸಬೇಡವೇ? ನಾನು ಇಷ್ಟು ವರ್ಷ ಬೆರಳು ಸವೆಸಿದ ಕಂಬಗಳನ್ನು ಒಂದು ಸಲ ತಿರುಗಿಯೂ ನೋಡದೆ ಬಿಟ್ಟುಕೊಟ್ಟರಲ್ಲ. ಬೇಕೆಂದು ಜಗಳವಾಡಿದ್ದರೆ ಗೆದ್ದೆ ಎನ್ನಬಹುದಿತ್ತು.

ಮರದ ಕಂಬಗಳ ಸಾಲಿನಲ್ಲಿ ಗೋಡೆ ಎದ್ದಿತು. ಸಿಮೆಂಟು ಸಿಗುವ ಕಾಲವಲ್ಲ. ಭದ್ರಾವತಿಯಿಂದ ಮೈದುನ ಇಟ್ಟಿಗೆ ತರಿಸಿದ, ಗಾರೆಯಲ್ಲೇ ಕಟ್ಟಿದರು. ನಾನು ಪಡಸಾಲೆಯಲ್ಲಿ ಕೂತು ನೋಡುತ್ತಿದ್ದೆ. ಇಟ್ಟಿಗೆಯ ಒಂದೊಂದು ವರಸೆ ಏರಿದಂತೆ ತೊಟ್ಟಿಯ ಬಿಸಿಲು ನನ್ನ ಕಾಲಿನಿಂದ ಮಡಿಲಿಗೆ, ಮಡಿಲಿನಿಂದ ತಲೆಯ ಮೇಲಕ್ಕೆ, ಅಲ್ಲಿಂದ ಮಾಡಿನ ಹಲಗೆಗೆ ಹತ್ತಿತು. ಕೊನೆಯ ವರಸೆ ತೊಲೆಗೆ ಕೂಡಿದಾಗ ಗಾರೆಯವನು ನನ್ನನ್ನು ಕೇಳಿದ: "ಅಮ್ಮ, ಒಂದು ದೀಪ ತರ್ತೀರಾ? ಕೈ ಕಾಣ್ತಿಲ್ಲ." ಆಗ ಹೊರಗೆ ನಡುಮಧ್ಯಾಹ್ನ.

ಕತ್ತಲೆಗೆ ಹೊಂದಿಕೊಳ್ಳಬಹುದು ಎಂದುಕೊಂಡೆ. ಒಂದು ಕೋಣೆಯನ್ನು ಅಡುಗೆಮನೆ ಮಾಡಿದೆವು. ಹೊಗೆ ಹೋಗುವುದಕ್ಕೆ ದಾರಿಯಿಲ್ಲದೆ ಪಡಸಾಲೆಗೆ ಬರುತ್ತಿತ್ತು. ಸೀಮೆಎಣ್ಣೆ ರೇಷನ್ನಿನದು; ಹಗಲು ಬುಡ್ಡಿ ಹಚ್ಚಿದರೆ ರಾತ್ರಿ ನಮ್ಮ ಮಕ್ಕಳ ಓದಿಗೆ ಇಲ್ಲ. ಹಳೆಯ ಅಡುಗೆಮನೆಯ ಒರಳು ನೆಲದಲ್ಲಿ ಹೂತದ್ದು. ಪಾಲು ಹೇಳುವಾಗ ಯಾರೂ ಅದರ ಹೆಸರೆತ್ತಲಿಲ್ಲ, ನಾನೂ ನೆನೆಯಲಿಲ್ಲ. ನನ್ನ ಕೈಯಲ್ಲಿ ನುಣುಪಾದ ಒರಳಿನಲ್ಲಿ ಈಗ ಅವಳು ರುಬ್ಬುತ್ತಿದ್ದಳು. ಕಲ್ಲಿನ ಗೋಡೆಯಾಗಿದ್ದರೆ ಕೇಳುತ್ತಿರಲಿಲ್ಲ. ಇಟ್ಟಿಗೆ ಎಲ್ಲವನ್ನೂ ಕೇಳಿಸಿತು.

ಇನ್ನು ಜಗಲಿ. ಗೋಡೆ ಮುಗಿದ ಮರುದಿನ ಕಂಬಗಳನ್ನು ತೊಳೆದು, ಸೆರಗಿಗೆ ಕೈ ಒರೆಸಿಕೊಂಡು, ಎರಡನೇ ಕಂಬಕ್ಕೆ ಒರಗಿ ಕೂತೆ. ಬೀದಿಯಲ್ಲಿ ಹಾಲಿನವಳು ಹೋಗುತ್ತಿದ್ದಳು. ಅಷ್ಟರಲ್ಲಿ ಅಡಿಕೆಯವರಿಬ್ಬರು ಮೆಟ್ಟಿಲ ಹತ್ತಿರ ಬಂದು ಕೆಮ್ಮಿದರು. ನಾನು ಎದ್ದು ಒಳಗೆ ಹೋದೆ. ಅವರು ಮಧ್ಯಾಹ್ನದವರೆಗೂ ಕೂತಿದ್ದರು, ಅವರು ಎದ್ದ ಮೇಲೆ ಬೇರೆಯವರು ಬಂದರು. ಗಂಡಸರು ಕೂರುವ ಜಗಲಿಯಲ್ಲಿ ಮನೆಯ ಹೆಂಗಸು ಕೂರುವ ಪದ್ಧತಿ ನಮ್ಮಲ್ಲಿ ಎಂದೂ ಇರಲಿಲ್ಲ. ಇದು ನನಗೆ ಗೊತ್ತಿಲ್ಲದ ಸಂಗತಿಯೇ? ಅರಿಶಿನ ಕುಂಕುಮಕ್ಕೆ ಬರುವ ಹೆಂಗಸರು ಎಂದೂ ಮುಂದಿನ ಬಾಗಿಲಿಂದ ಬಂದವರಲ್ಲ, ಹಿಂದಿನ ಓಣಿಯಿಂದ ಹಿತ್ತಲಿಗೆ ಬಂದು ತೊಟ್ಟಿಯಲ್ಲಿ ಕೂರುವುದು ವಾಡಿಕೆ. ಈಗಲೂ ಹಾಗೆಯೇ ಬಂದರು. ಹಿತ್ತಲು ಅವಳದು. ನನ್ನ ಗೆಳತಿಯರು ಅವಳ ತೊಟ್ಟಿಯಲ್ಲಿ ನಗುವುದನ್ನು ಹೊಗೆಯಲ್ಲಿ ಕೂತು ನಾನು ಕೇಳಿಸಿಕೊಳ್ಳುತ್ತಿದ್ದೆ.

ಒಂದು ದಿನ ಊಟದ ನಡುವೆ ನನ್ನವರ ಹಲ್ಲಿಗೆ ಕಲ್ಲು ಸಿಕ್ಕಿತು. ಕತ್ತಲಲ್ಲಿ ಅಕ್ಕಿ ಆರಿಸಿದರೆ ಇನ್ನೇನಾಗುತ್ತದೆ? ಅವರು ಅದನ್ನು ತೆಗೆದು ಎಲೆಯ ಅಂಚಿಗಿಟ್ಟು, "ಗಾರೆಯವನ್ನ ಕರೆಸ್ತೀನಿ, ಎಲ್ಲಾದ್ರೂ ಒಂದು ಬೆಳಕಿಂಡಿ ಹೊಡೀಲಿ" ಎಂದರು.

ಗಾರೆಯವನು ಎಡಗೋಡೆ ಬಡಿದು ನೋಡಿದ, ಬಲಗೋಡೆ ಬಡಿದು ನೋಡಿದ. ಅವುಗಳಾಚೆ ಪಕ್ಕದವರ ಕೋಣೆಗಳು. ಬೀದಿ ಕಡೆಯದು ಮೊಳ ದಪ್ಪದ ಕಲ್ಲು, ಅದರಾಚೆ ಗಂಡಸರ ಜಗಲಿ. ತೂತು ಹೊಡೆಯಬಹುದಾದದ್ದು ಹೊಸ ಇಟ್ಟಿಗೆ ಗೋಡೆಯೊಂದೇ. "ಆಚೆ ಮನೆ ಅಮ್ಮನೋರನ್ನ ಒಂದು ಮಾತು ಕೇಳ್ಬಿಡಿ" ಎಂದು ಉಳಿ ಚೀಲಕ್ಕೆ ಹಾಕಿಕೊಂಡು ಹೋದ.

ನಾನು ಆ ವಾರವೆಲ್ಲ ಕೇಳಲಿಲ್ಲ. ನನ್ನವರೇ ತಮ್ಮನನ್ನು ಕೇಳಲಿ ಎಂದೆ. "ಅಡುಗೆಮನೆ ವಿಷಯ, ನೀವಿಬ್ರೇ ನೋಡ್ಕೊಳ್ಳಿ" ಎಂದರು. ಕೊನೆಗೆ ಒಂದು ಬೆಳಗ್ಗೆ ಬೀದಿಗಿಳಿದು, ಓಣಿ ಸುತ್ತಿ, ಹಿತ್ತಲ ಬಾಗಿಲು ತಳ್ಳಿದೆ. ಅವಳು ತೊಟ್ಟಿಯಲ್ಲಿ ಕಾಲು ಚಾಚಿ ಕೂತು ಮೊರದಲ್ಲಿ ಅಕ್ಕಿ ಕೇರುತ್ತಿದ್ದಳು. ಬಿಸಿಲು ಮೊರದ ತುಂಬ ಬಿದ್ದಿತ್ತು. ಒಂದೊಂದು ಕಾಳೂ ಕಾಣುತ್ತಿತ್ತು.

"ಬನ್ನಿ ಅಕ್ಕ. ಏನು, ಊರು ಸುತ್ತಿ ಬಂದ್ರಿ?"

"ಗೋಡೆ ಹಾರಕ್ಕಾಗುತ್ತೇನೇ?"

ಅವಳು ನಕ್ಕು ಮಣೆ ಕೊಟ್ಟಳು. ನಾನು ಬಂದ ಕೆಲಸ ಹೇಳಿದೆ. ಅವಳು ಮೊರ ಕೆಳಗಿಟ್ಟು ಗೋಡೆಯನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು.

"ನನ್ನ ತೊಟ್ಟಿಗೆ ಕಿಂಡಿನಾ? ಹಾಕಿಸ್ಕೊಳ್ಳಿ. ಆದ್ರೆ ಎತ್ತರದಲ್ಲಿರ್ಲಿ ಅಕ್ಕ. ನಿಂತ್ರೂ ಈಚೆ ಕಾಣಬಾರ್ದು."

"ನಾನೇನು ನಿನ್ನ ಪಾತ್ರೆ ಇಣುಕಿ ನೋಡ್ತೀನಾ?"

"ನೋಡಲ್ವಾ? ನಾನಾಗಿದ್ರೆ ನೋಡ್ತಿದ್ದೆ." ಮತ್ತೆ ಮೊರ ಕೈಗೆತ್ತಿಕೊಂಡಳು. "ನ್ಯೂ ಟೌನಲ್ಲಿ ನಲ್ಲಿ ಇತ್ತು, ದೀಪ ಇತ್ತು, ಎಲ್ಲಾ ಇತ್ತು. ನಂಗೆ ಮಾತ್ರ ನೀವು ಎಣ್ಣೆನೀರು ಮಾಡಿ ಇಲ್ಲಿ ಬಿಸಿಲಲ್ಲಿ ತಲೆ ಹರವಿ ಕೂತಿರೋದೇ ಕಣ್ಣಿಗೆ ಕಟ್ತಿತ್ತು. ಹಬ್ಬಕ್ಕೆ ಬಂದಾಗೆಲ್ಲ ನನ್ನನ್ನ ಪಡಸಾಲೇಲಿ ಚಾಪೆ ಹಾಕಿ ಕೂರಿಸ್ತಿದ್ರಿ. ಒಳಗೆ ಬಾ ಅಂತ ಒಂದಿನಾನೂ ಅನ್ಲಿಲ್ಲ."

"ಮರ್ಯಾದೆಗೆ ಕಣೇ."

"ಮರ್ಯಾದೆ ನೆಂಟರಿಗೆ, ಅಕ್ಕ."

ನಾನು ಮಣೆಯಿಂದ ಎದ್ದೆ. ಇಷ್ಟು ವರ್ಷ ಹೊಟ್ಟೆಕಿಚ್ಚು ನನ್ನೊಬ್ಬಳದೇ ಆಸ್ತಿ ಎಂದುಕೊಂಡಿದ್ದೆ. ಅವಳಿಗೂ ಇತ್ತು, ಅದೂ ನನ್ನ ಮೇಲೆ ಎಂದು ತಿಳಿದಾಗ ಒಂದು ಕ್ಷಣ ಖುಷಿಯಾದದ್ದು ನಿಜ. ಓಣಿಗೆ ಇಳಿಯುವಷ್ಟರಲ್ಲಿ ಆ ಖುಷಿ ಹೋಯಿತು. ಅವಳು ಆಸೆಪಟ್ಟದ್ದು ಅವಳಿಗೆ ಸಿಕ್ಕಿತ್ತು. ಕೈಯಾರೆ ಕಟ್ಟಿ, ಮೇಲಿಷ್ಟು ಸೇರಿಸಿ, ಎತ್ತಿಕೊಟ್ಟವಳು ನಾನೇ.

ಕಿಂಡಿ ಹೊಡೆದರು, ತೊಲೆಗೆ ಹತ್ತಿಕೊಂಡೇ, ಅವಳು ಹೇಳಿದ ಎತ್ತರದಲ್ಲಿ. ಅಲ್ಲಿಂದ ನನಗೆ ಕಾಣುವುದು ಅವಳ ತೊಟ್ಟಿಯ ಮೇಲೆ ಕಟ್ಟಿದ ಬಟ್ಟೆ ಹರವುವ ಬಿದಿರಿನ ಗಳು, ಅದರ ಮೇಲೆ ಒಂದು ತುಂಡು ಆಕಾಶ. ಆ ಕಿಂಡಿಗೆ ನೇರವಾಗಿರಲೆಂದು ಒಲೆಯನ್ನು ಕೋಣೆಯಿಂದ ಪಡಸಾಲೆಯ ಮೂಲೆಗೆ ತಂದುಕೊಂಡೆ. ಬೆಳಗ್ಗೆ ಬೆಳಕಿನ ಒಂದು ಚೌಕ ಗೋಡೆಯಿಂದ ಇಳಿದು ನೆಲಕ್ಕೆ ಬರುತ್ತದೆ. ನಾನು ಈಳಿಗೆ ಮಣೆಯನ್ನು ಅದರೊಳಗಿಟ್ಟುಕೊಂಡು ಕೂರುತ್ತೇನೆ. ಅದು ಸರಿದಂತೆ ಮಣೆಯನ್ನೂ ಸರಿಸುತ್ತೇನೆ. ಹೊಗೆಯೂ ಈಗ ಅತ್ತ ಕಡೆ ಹೋಗುತ್ತದೆ. ಅವಳು ಆಚೆಯಿಂದ "ಅಕ್ಕಾ, ಇವತ್ತು ಒಗ್ಗರಣೆ ಸೀದೋಯ್ತಾ?" ಎಂದು ಕೂಗುತ್ತಾಳೆ. ನಾನು "ನಿನ್ನ ಮೂಗು ನಿನ್ನ ಕಡೇನೇ ಇಟ್ಕೊಳ್ಳೇ ಮಾರಾಯ್ತಿ" ಎನ್ನುತ್ತೇನೆ.

ಅವಳು ಒಗೆದ ಸೀರೆಯನ್ನು ಗಳುವಿನ ಮೇಲೆ ಹರವಿದ ದಿನ ಬಿಸಿಲು ಅದರೊಳಗಿಂದ ಹಾದು ಬರುತ್ತದೆ. ಮೊದಮೊದಲು ನನಗೆ ಇದು ತಿಳಿದಿರಲಿಲ್ಲ. ಸೌತೆಕಾಯಿ ಯಾಕೆ ಕೆಂಪಗೆ ಕಾಣುತ್ತಿದೆ ಎಂದು ಕಣ್ಣುಜ್ಜಿಕೊಂಡೆ. ಈಗ ಬಣ್ಣ ನೋಡಿಯೇ ಅವಳು ನಿನ್ನೆ ಯಾವುದು ಉಟ್ಟಿದ್ದಳೆಂದು ಹೇಳಬಲ್ಲೆ. ಕೆಂಪು ಅವಳ ತವರಿನವರು ಕೊಟ್ಟದ್ದು. ಹಳದಿ ಯುಗಾದಿಯದು, ಅದು ಬಣ್ಣ ಬಿಟ್ಟಿದೆ.

ಇವತ್ತು ಬೆಳಗ್ಗೆ ಅಡುಗೆಯ ಮೂಲೆಯೆಲ್ಲ ಎಳೆಹಸುರಾಗಿತ್ತು. ಅನ್ನದ ತಪ್ಪಲೆ, ನನ್ನ ಕೈ, ಬಳೆ ಎಲ್ಲ ಹಸುರು. ಆ ಸೀರೆಯನ್ನು ನಾನು ಇದುವರೆಗೆ ನೋಡಿಲ್ಲ.